ಮುಕ್ಕಳಿಸಿ ಉಗುಳಿದ ನೀರು

ನಮ್ಮ ಅಮ್ಮ ಜಯ ಮೂವತ್ತೊಂದು ವರ್ಷ ಕಂಕನಾಡಿ ಮಾರ್ಕೆಟಿನಲ್ಲಿ ಮೀನು ಮಾರಿದಳು. ಬೆಳಗ್ಗೆ ಐದಕ್ಕೆ ಮೀನಿನ ಬೋಟುಗಳು ನಿಲ್ಲುವ ಧಕ್ಕೆಗೆ ಹೋಗಿ, ಹರಾಜಿನಲ್ಲಿ ಬಂಗುಡೆಯೋ ಬೂತಾಯಿಯೋ ಹಿಡಿದು, ಬುಟ್ಟಿಯನ್ನು ಟೆಂಪೋಗೆ ಹಾಕಿಸಿ, ಏಳಕ್ಕೆ ತನ್ನ ಜಾಗದಲ್ಲಿ ಕೂತರೆ ಮತ್ತೆ ಏಳುತ್ತಿದ್ದದ್ದು ಮಧ್ಯಾಹ್ನ ಎರಡು ಗಂಟೆಗೆ. ಅಷ್ಟು ಹೊತ್ತು ಒಂದು ತೊಟ್ಟು ನೀರು ಅವಳ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬಾಯಿ ಒಣಗಿದಾಗ ಬಾಟಲಿಯಿಂದ ಒಂದು ಗುಟುಕು ಹಾಕಿಕೊಂಡು, ಚೆನ್ನಾಗಿ ಮುಕ್ಕಳಿಸಿ, ಪಕ್ಕದ ಚರಂಡಿಗೆ ಉಗುಳುತ್ತಿದ್ದಳು. ಶಾಲೆಗೆ ರಜೆ ಇದ್ದ ದಿನ ನಾನು ಅವಳ ಹಿಂದೆ ಒಂದು ಖಾಲಿ ಡಬ್ಬದ ಮೇಲೆ ಕೂತು ಇದನ್ನು ನೋಡುತ್ತಿದ್ದೆ. ಪಕ್ಕದ ಹೆಂಗಸರೂ ಹಾಗೆಯೇ ಮಾಡುತ್ತಿದ್ದರು. ನನಗೆ ಅದು ಎಂಥದೋ ಗಟ್ಟಿತನ ಎಂದು ಕಾಣುತ್ತಿತ್ತು.

ಆ ಗಟ್ಟಿತನವನ್ನು ನಾನು ಹೊತ್ತು ತಂದು ಕಾಲೇಜಿನ ಮೈದಾನದಲ್ಲಿ ಇಳಿಸಿದೆ. ಅದರಿಂದ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ ಎಂದು ಈಗ ಗೊತ್ತಾಗಿದೆ.

ನನ್ನ ಹೆಸರು ಸ್ವರ್ಣಲತಾ. ವಯಸ್ಸು ನಲವತ್ತೆಂಟು. ನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ನಿರ್ದೇಶಕಿ ಎಂದರೆ ದೊಡ್ಡ ಹುದ್ದೆ ಎಂದು ತಿಳಿಯಬೇಡಿ. ಕೊರಳಲ್ಲಿ ವಿಶಲ್, ಕೈಯಲ್ಲಿ ಸ್ಟಾಪ್‌ವಾಚ್, ಕಪಾಟಿನಲ್ಲಿ ಗಾಳಿ ಹೋದ ಐದು ವಾಲಿಬಾಲ್, ಇಷ್ಟು ನನ್ನ ಇಲಾಖೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ವಿಶಲ್ ಲತಾ’ ಎನ್ನುತ್ತಾರೆ. ನನಗೆ ಅದು ಗೊತ್ತು ಎಂಬುದು ಅವರಿಗೂ ಗೊತ್ತು. ಕಾಲೇಜಿನ ಹೆಸರು ಹೇಳುವುದಿಲ್ಲ. ಇಂಥ ಕಾಲೇಜುಗಳು ಊರಲ್ಲಿ ಬೇಕಾದಷ್ಟಿವೆ.

ನಾನೂ ಒಂದು ಕಾಲದಲ್ಲಿ ಓಡಿದವಳು. ಡಿಗ್ರಿ ಎರಡನೇ ವರ್ಷದಲ್ಲಿ ವಿಶ್ವವಿದ್ಯಾನಿಲಯದ ಕ್ರೀಡಾಕೂಟಕ್ಕೆ ಮೂರು ಸಾವಿರ ಮೀಟರಿಗೆ ಆಯ್ಕೆಯಾದೆ. ಅಪ್ಪ ಕಿಟ್ಟು, ಬೋಟಿನಲ್ಲಿ ಕಡಲಿಗೆ ಹೋದವರು ಇನ್ನೂ ಬಂದಿರಲಿಲ್ಲ. ಹೊರಡುವಾಗ ಅಮ್ಮ ಒಂದೇ ಬುದ್ಧಿ ಹೇಳಿದಳು. ನಾವು ಮನೆಯಲ್ಲಿ ಆಡುವುದು ತುಳು, ಬರೆಯುವಾಗ ಅದು ಕನ್ನಡವಾಗುತ್ತದೆ. “ಹೊಟ್ಟೆ ತುಂಬ ನೀರು ಕುಡಿದು ಹೋಗಬೇಡ ಮಗಾ. ಬಾಯಿ ಒದ್ದೆ ಮಾಡಿ ಉಗುಳು, ಸಾಕು.” ಹಾಗೆಯೇ ಮಾಡಿದೆ. ಬೆಳ್ಳಿ ಪದಕ ಬಂತು. ಪದಕ ಬಂದದ್ದು ಕಾಲಿನಿಂದಲೋ ಉಗುಳಿದ ನೀರಿನಿಂದಲೋ ಎಂದು ನಾನು ಯೋಚಿಸಲಿಲ್ಲ. ಗೆದ್ದವರು ಎಲ್ಲಿ ಯೋಚಿಸುತ್ತಾರೆ?

ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಹುಡುಗಿಯರ ಮುಂದೆ ಕಥೆಯಾಗಿ ಹೇಳಿದೆ. ಆಮೇಲೆ ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳಿದೆ. ಮೀನು ಮಾರುವ ತಾಯಿ, ಏಳು ಗಂಟೆ ನೀರಿಲ್ಲದೆ ಕೂತವಳು, ಅವಳ ಮಗಳು ನಾನು. “ನಿಮಗೆ ಎರಡು ಗಂಟೆ ತಡೀಲಿಕ್ಕೆ ಆಗುದಿಲ್ವಾ?” ಎಂದು ಕೇಳಿದರೆ ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಅಭ್ಯಾಸದ ಹೊತ್ತಿನಲ್ಲಿ ನೀರು ಕುಡಿಯಲಿಕ್ಕಿಲ್ಲ, ಮುಕ್ಕಳಿಸಿ ಉಗುಳುವುದು. ಇದು ನನ್ನ ಮೈದಾನದ ಕಾನೂನಾಯಿತು.

ಕಾನೂನಿಗೆ ಇನ್ನೊಂದು ಅನುಕೂಲವೂ ಇತ್ತು. ನಮ್ಮ ಮೈದಾನ ಕಾಲೇಜಿನಿಂದ ಒಂದು ಫರ್ಲಾಂಗು ದೂರ, ಗುಡ್ಡದ ಕೆಳಗೆ. ಅಲ್ಲಿ ಇರುವ ಟಾಯ್ಲೆಟ್ ಗಂಡುಮಕ್ಕಳದ್ದು. ಹುಡುಗಿಯರಿಗೆ ಇಲ್ಲ. ಒಂದಕ್ಕೆ ಬಂದರೆ ಗುಡ್ಡ ಹತ್ತಿ ಕಾಲೇಜಿಗೆ ಹೋಗಬೇಕು, ನಾಲ್ಕೂವರೆಗೆ ಅಲ್ಲಿಯೂ ಬೀಗ. ನೀರು ಕುಡಿಯದವರಿಗೆ ಬೀಗ ಇದ್ದರೇನು, ಇಲ್ಲದಿದ್ದರೇನು? ಎಂಟು ವರ್ಷದ ಹಿಂದೆ ಪ್ರಿನ್ಸಿಪಾಲ್ ಚಿತ್ತರಂಜನ ಸರ್ ನನ್ನನ್ನು ಕರೆದು, ಮೈದಾನಕ್ಕೆ ಒಂದು ಕೆಲಸ ಮಾಡಿಸಬಹುದು, ಹುಡುಗಿಯರಿಗೆ ಟಾಯ್ಲೆಟ್ ಬೇಕೋ, ಲಾಂಗ್ ಜಂಪಿಗೆ ಹೊಸ ಹೊಂಡ ಬೇಕೋ ಎಂದು ಕೇಳಿದರು. ನಾನು ಹೊಂಡ ಎಂದೆ. “ನಮ್ಮ ಹುಡುಗಿಯರು ಗಟ್ಟಿ ಸರ್, ಟಾಯ್ಲೆಟ್ ಇಲ್ಲದಿದ್ರೂ ನಡೀತದೆ” ಎಂದೂ ಸೇರಿಸಿದೆ. ಆ ಮಾತನ್ನು ಆಡಿದ ಬಾಯಿ ಇದೇ.

ಈಗಿನ ಹುಡುಗಿಯರ ಕೈಯಲ್ಲಿ ಒಂದೊಂದು ಬಾಟಲಿ ಇರುತ್ತದೆ. ಗುಲಾಬಿ, ನೀಲಿ, ಗಂಟೆ ಬರೆದದ್ದು, ಇಷ್ಟು ಗಂಟೆಗೆ ಇಷ್ಟು ಕುಡಿ ಎಂದು ಗೆರೆ ಎಳೆದದ್ದು. ಫೋನಿನಲ್ಲಿ ದಿನಕ್ಕೆ ಎಷ್ಟು ಹೆಜ್ಜೆ ಎಂಬ ಲೆಕ್ಕವೂ ಬರುತ್ತದೆ. ನೋಡಿದವರು ಆಹಾ, ಎಂಥಾ ಜಾಗ್ರತೆಯ ಮಕ್ಕಳು ಎನ್ನಬೇಕು. ಆದರೆ ಬೆಳಗ್ಗೆ ಮನೆಯಲ್ಲಿ ತುಂಬಿಸಿದ ಆ ಬಾಟಲಿ ಸಂಜೆ ಹಾಗೆಯೇ ಇರುತ್ತದೆ. ಬಸ್ಸು ಹತ್ತುವ ಮೊದಲು ಅದನ್ನು ಸ್ಟಾಪಿನ ಪಕ್ಕದ ದಾಸವಾಳದ ಗಿಡಕ್ಕೆ ಸುರಿಯುತ್ತಾರೆ, ಅಮ್ಮಂದಿರು ಬೈಯಬಾರದಲ್ಲ ಎಂದು. ಆ ಗಿಡ ವರ್ಷವಿಡೀ ಹೂ ಬಿಡುತ್ತದೆ. ನಾನು ಅದನ್ನು ನೋಡಿ ನಗುತ್ತಿದ್ದೆ.

ಶಬ್ನಮ್ ಎರಡು ವರ್ಷದ ಹಿಂದೆ ಬಿ.ಕಾಂಗೆ ಸೇರಿದಳು. ತಂದೆ ಖಾಲಿದ್ ಅವರದ್ದು ಹಂಪನಕಟ್ಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ. ತಾಯಿ ನಸೀಬಾ ಮನೆಯಲ್ಲೇ. ಹುಡುಗಿ ತೆಳ್ಳಗೆ, ಮಾತು ಕಡಿಮೆ. ಫುಲ್ ಟ್ರ್ಯಾಕ್ ಪ್ಯಾಂಟು, ತಲೆಗೆ ಬಿಗಿಯಾಗಿ ಕಟ್ಟಿದ ಕಪ್ಪು ಸ್ಕಾರ್ಫು. ಮೊದಲ ದಿನ ಹದಿನಾರು ಸುತ್ತು ಓಡಿ, ಇನ್ನೂ ಓಡಬೇಕಾ ಎಂದು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷಕ್ಕೆ ಒಬ್ಬಳು ಹಾಗೆ ಸಿಗುತ್ತಾಳೆ. ಓಡಲು ಕಳಿಸಲು ಮನೆಯಲ್ಲಿ ಒಪ್ಪಿಸಬೇಕಾಯಿತು. ನಾನೇ ಅಂಗಡಿಗೆ ಹೋಗಿ ಖಾಲಿದ್ ಅವರೊಂದಿಗೆ ಮಾತಾಡಿದ್ದೆ. “ಟೀಚರ್, ನಿಮ್ಮನ್ನು ನಂಬಿ ಕಳಿಸ್ತೇನೆ” ಎಂದಿದ್ದರು. ಈ ವರ್ಷ ವಿಶ್ವವಿದ್ಯಾನಿಲಯದ ತಂಡಕ್ಕೆ ಅವಳು ಆಯ್ಕೆಯಾಗುವುದು ಖಂಡಿತ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವಳಿಗೆ ಹೇಳಿರಲಿಲ್ಲ, ಹೊಗಳಿದರೆ ಹಾಳಾಗುತ್ತಾರೆ ಎಂಬುದು ನನ್ನ ಇನ್ನೊಂದು ಕಾನೂನು.

ಅಕ್ಟೋಬರಿನ ಒಂದು ಗುರುವಾರ. ಮಳೆ ಹೋಗಿ ಸೆಕೆ ಬಂದಿತ್ತು. ನಿಂತಲ್ಲೇ ಬೆವರು ಇಳಿಯುವ ನಮ್ಮೂರಿನ ಸೆಕೆ. ಆಯ್ಕೆಗೆ ಮೂರು ವಾರ ಇತ್ತು. ಹತ್ತನೇ ಸುತ್ತಿನಲ್ಲಿ ಶಬ್ನಮ್ ನಿಂತು ಸೊಂಟ ಹಿಡಿದುಕೊಂಡಳು. ಟೀಮಿನ ಕ್ಯಾಪ್ಟನ್ ವಿಜೇತಾ, ನಮ್ಮ ಹಳೆಯ ಊರು ಬೆಂಗ್ರೆಯ ಕಡೆಯ ಹುಡುಗಿ, ತನ್ನ ಬಾಟಲಿ ತೆಗೆದುಕೊಂಡು ಓಡಿದಳು. “ಮೇಡಂ, ಸ್ವಲ್ಪ ಕುಡೀಲಿ” ಎಂದಳು. ನಾನು ದೂರದಿಂದ, “ಮುಕ್ಕಳಿಸಿ ಉಗುಳು, ಇನ್ನು ಎರಡೇ ಸುತ್ತು” ಎಂದೆ. ಶಬ್ನಮ್ ಬಾಯಿಗೆ ನೀರು ಹಾಕಿ, ಮುಕ್ಕಳಿಸಿ, ಉಗುಳಿದಳು. ನಾನು ನೋಡುತ್ತಿದ್ದೆ. ಮತ್ತೆ ಓಡಿದಳು. ಹನ್ನೊಂದನೇ ಸುತ್ತಿನ ತಿರುವಿನಲ್ಲಿ, ನಾನು ಮಾಡಿಸಿದ ಲಾಂಗ್ ಜಂಪಿನ ಹೊಂಡದ ಪಕ್ಕ, ಕುಸಿದು ಬಿದ್ದಳು.

ವಿಜೇತಾಳೂ ನಾನೂ ರಿಕ್ಷಾದಲ್ಲಿ ಅವಳನ್ನು ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದೆವು. ಗ್ಲೂಕೋಸ್ ಹಾಕಿದರು. ಪರೀಕ್ಷೆಯಲ್ಲಿ ಮೂತ್ರದ ಸೋಂಕು ಇದೆ, ಅದು ಕಿಡ್ನಿಯವರೆಗೆ ಏರಿದೆ ಎಂದು ಬಂತು. ಚಿಕ್ಕ ವಯಸ್ಸಿನ ಒಬ್ಬರು ಲೇಡಿ ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದರು. “ಇವತ್ತು ಎಷ್ಟು ನೀರು ಕುಡಿದಿದ್ದಿ?”

ಶಬ್ನಮ್ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಕುಡೀಲಿಲ್ಲ. ನೋಂಬು ಹಿಡಿದಿದ್ದೆ” ಎಂದಳು.

ರಮ್ಜಾನಿನಲ್ಲಿ ಅಲ್ಲದೆ, ಸೋಮವಾರ ಗುರುವಾರಗಳಲ್ಲೂ ಕೆಲವರು ಇಷ್ಟಪಟ್ಟು ನೋಂಬು ಹಿಡಿಯುತ್ತಾರೆ, ಅಂದರೆ ಉಪವಾಸ. ಹಗಲಿಡೀ ನೀರೂ ಇಲ್ಲ. ಡಾಕ್ಟರಿಗೆ ಅದು ಅರ್ಥವಾಯಿತು. ನನ್ನ ಕಡೆ ತಿರುಗಿ, “ಹೌದಾ? ನಿಮಗೆ ಗೊತ್ತಿತ್ತಾ?” ಎಂದು ಕೇಳಿದರು.

ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ವಿಜೇತಾಳ ಎದುರು ಕೂತು ಬನ್ಸ್ ತಿನ್ನುವುದನ್ನು ನಾನು ಕಣ್ಣಾರೆ ನೋಡಿದ್ದೆ. ನೋಂಬು ಇರಲಿಲ್ಲ. ಹುಡುಗಿ ನನ್ನನ್ನು ಉಳಿಸಲು ಸುಳ್ಳು ಹೇಳಿದ್ದಳು. “ಮೇಡಂ ಕುಡೀಬಾರ್ದು ಅಂತ ಹೇಳಿದ್ದಾರೆ” ಎಂದರೆ ನನ್ನ ಕೆಲಸಕ್ಕೇ ಸಂಚಕಾರ ಎಂಬುದು ಅವಳಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ನಾನು ಡಾಕ್ಟರಿಗೆ ಹೂಂ ಎಂದೆ. ವಿಜೇತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ವರಾಂಡಕ್ಕೆ ಹೋದಳು.

ಒಂದು ಹೂಂ. ಇದಕ್ಕಿಂತ ಚಿಕ್ಕ ಸುಳ್ಳು ಕನ್ನಡದಲ್ಲಿ ಇಲ್ಲ.

ಅದು ಎರಡು ದಿನದಲ್ಲಿ ಬೆಳೆಯಿತು. ಸ್ಟಾಫ್ ರೂಮಿನಲ್ಲಿ, “ನೋಂಬು ಹಿಡಿದು ಓಡ್ಲಿಕ್ಕೆ ಬರ್ತಾರಲ್ಲ, ಎಂತ ಹೇಳುದು ಇವರಿಗೆ?” ಎಂದು ಯಾರೋ ಅಂದರು. ನಾನು ಟೀ ಕುಡಿಯುತ್ತಿದ್ದೆ. ಶನಿವಾರ ನೋಟೀಸು ಬಂತು. ಉಪವಾಸ ಮಾಡುವ ವಿದ್ಯಾರ್ಥಿನಿಯರನ್ನು ಇನ್ನು ಮುಂದೆ ಕ್ರೀಡಾ ಅಭ್ಯಾಸಕ್ಕೆ ಸೇರಿಸಿಕೊಳ್ಳುವುದಿಲ್ಲ, ತಾವು ಉಪವಾಸ ಮಾಡುವುದಿಲ್ಲ ಎಂದು ಪಾಲಕರ ಸಹಿಯ ಪತ್ರ ತರಬೇಕು. ಅದರ ಕೆಳಗೆ ಚಿತ್ತರಂಜನ ಸರ್ ಅವರ ಸಹಿ, ಅದರ ಪಕ್ಕ ನನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿ ಕೊಟ್ಟವಳೂ ನಾನೇ.

ಜಾವೆಲಿನ್ ಎಸೆಯುತ್ತಿದ್ದ ಸಫಿಯಾ ಸೋಮವಾರ ಬಂದು ಜೆರ್ಸಿಯನ್ನು ಮಡಚಿ ನನ್ನ ಮೇಜಿನ ಮೇಲೆ ಇಟ್ಟಳು. “ಅಂಥ ಪತ್ರ ಮನೆಯಲ್ಲಿ ಕೇಳ್ಲಿಕ್ಕೆ ಆಗುದಿಲ್ಲ ಮೇಡಂ” ಎಂದಳು. ನಾನು ಸರಿ ಎಂದೆ. ಶಬ್ನಮ್ ಆಸ್ಪತ್ರೆಯಿಂದ ಮನೆಗೆ ಹೋಗಿದ್ದಳು, ಆದರೆ ಅವಳ ತಂದೆ ಓಟ ಸಾಕು ಎಂದಿದ್ದಾರೆ ಎಂದು ವಿಜೇತಾ ಹೇಳಿದಳು. ವಿಜೇತಾ ಈಗ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಅವಳು ಎಲ್ಲಿ ನಿಂತು ಯಾರೊಂದಿಗೆ ಪಿಸುಗುಟ್ಟಿದರೂ ನನ್ನ ವಿಷಯವೇ ಎಂದು ತೋರುತ್ತಿತ್ತು.

ನಾವು ಈಗ ಇರುವುದು ಪಡೀಲಿನಲ್ಲಿ. ಅಪ್ಪ ಹೋದ ಮೇಲೆ ಅಮ್ಮ ನನ್ನೊಂದಿಗೇ ಇದ್ದಾಳೆ. ಎಪ್ಪತ್ಮೂರು ವರ್ಷ. ನಾಲ್ಕು ವರ್ಷದಿಂದ ಅವಳಿಗೂ ಮೂತ್ರದ ತೊಂದರೆ. ಎರಡು ಸಲ ಕಲ್ಲು ತೆಗೆಸಿದ್ದೇವೆ, ಮೂರು ತಿಂಗಳಿಗೊಮ್ಮೆ ಸೋಂಕು, ಜ್ವರ, ಮಾತ್ರೆ. ವಯಸ್ಸಾಯಿತಲ್ಲ ಎಂದು ನಾನು ಅದನ್ನು ವಯಸ್ಸಿನ ತಲೆಗೆ ಕಟ್ಟಿದ್ದೆ. ನೋಟೀಸು ಬಂದ ಮರುದಿನ, ಭಾನುವಾರ, ಅವಳು ಬಾಗಿಲ ಬಳಿ ಕೂತು ಬೂತಾಯಿ ಶುಚಿ ಮಾಡುತ್ತಿದ್ದಳು. ಇವತ್ತಿಗೂ ಬೇರೆಯವರು ಕೊಯ್ದ ಮೀನು ಅವಳಿಗೆ ಆಗುವುದಿಲ್ಲ. ನಾನು ಸುಮ್ಮನಿರಲಾರದೆ ಹುಡುಗಿ ಬಿದ್ದ ಸುದ್ದಿ ಹೇಳಿದೆ. ನೋಂಬಿನ ವಿಷಯ ಹೇಳಲಿಲ್ಲ. “ಈಗಿನವರಿಗೆ ನಿನ್ನ ಗಟ್ಟಿತನ ಇಲ್ಲ ಅಮ್ಮ. ನೀನು ಏಳು ಗಂಟೆ ಕೂರುತ್ತಿದ್ದಿ” ಎಂದೆ.

ಅಮ್ಮ ಕತ್ತಿ ನಿಲ್ಲಿಸಿದಳು.

“ಎಂಥ ಗಟ್ಟಿತನ? ಕುಡಿದರೆ ಹೋಗುವುದು ಎಲ್ಲಿಗೆ?”

ನಾನು ಅವಳ ಮುಖ ನೋಡಿದೆ.

“ಗಂಡಸರು ಗೋಡೆ ಹತ್ತಿರ ಹೋಗುತ್ತಿದ್ದರು. ನಾವು ಹದಿನಾರು ಹೆಂಗಸರು ಹೋಗುವುದೆಲ್ಲಿಗೆ? ಅದಕ್ಕೆ ಕುಡಿಯಲಿಲ್ಲ. ಬಾಯಿ ಒಣಗಿದರೆ ಗಿರಾಕಿ ಕರೆಯಲಿಕ್ಕೆ ಸ್ವರ ಬರುವುದಿಲ್ಲ, ಅದಕ್ಕೆ ಮುಕ್ಕಳಿಸುವುದು. ಒಂದು ಸಲ ತಡೆಯಲಾರದೆ ಕೂತಲ್ಲೇ ಆಗಿಹೋಯಿತು ಮಗಾ. ನೀನು ಹಿಂದೆ ಡಬ್ಬದ ಮೇಲೆ ಕೂತಿದ್ದಿ. ಮೀನಿನ ನೀರು ಬುಟ್ಟಿಯಿಂದ ಸೋರಿತು ಎಂದು ನಿನಗೆ ಹೇಳಿದೆ. ಮನೆಗೆ ಬಂದು ಅತ್ತೆ.”

ಮೀನಿನ ನೀರು ಎಂದು ಹೇಳಿದ್ದು ನನಗೂ ನೆನಪಿದೆ. ಸೀರೆ ಒದ್ದೆಯಾಗಿತ್ತು. ಸೊಂಟದ ಕೆಳಗೆ ಒದ್ದೆಯಾಗುವಷ್ಟು ಮೀನಿನ ನೀರು ಎಲ್ಲಿಂದ ಬರುತ್ತದೆ ಎಂದು ಎಂಟು ವರ್ಷದ ನನಗೆ ಹೊಳೆಯಲಿಲ್ಲ, ಒಪ್ಪೋಣ. ನಲವತ್ತೆಂಟರವರೆಗೂ ಹೊಳೆಯಲಿಲ್ಲವಲ್ಲ!

“ಮತ್ತೆ ನನಗೆ ಯಾಕೆ ಹಾಗೆ ಹೇಳಿದಿ? ಓಡುವ ಮೊದಲು?”

“ನೀನು ಹೊರಗಿನ ಊರಿಗೆ ಹೋಗುತ್ತಿದ್ದಿ. ಅಲ್ಲಿ ಹೋಗಲಿಕ್ಕೆ ಜಾಗ ಉಂಟೋ ಇಲ್ಲವೋ ಎಂದು ಹೇಳಿದೆ. ಓಡಲಿಕ್ಕೆ ಅಲ್ಲ ಮಾರಾಯ್ತಿ.” ಅಮ್ಮ ಮತ್ತೆ ಮೀನಿಗೆ ಕತ್ತಿ ಹಾಕಿದಳು. “ನೀನು ಆ ಮಕ್ಕಳಿಗೂ ಅದನ್ನೇ ಹೇಳಿದಿಯಾ?”

ನಾನು ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತು ವರ್ಷ ನಾನು ಹುಡುಗಿಯರ ಮುಂದೆ ಮೆರೆಸಿದ್ದು ಅಮ್ಮನ ಗಟ್ಟಿತನವಲ್ಲ, ಅವಳ ಅವಮಾನ. ಅವಳು ಮುಚ್ಚಿಟ್ಟದ್ದನ್ನು ನಾನು ಪದಕದಂತೆ ಕೊರಳಿಗೆ ಹಾಕಿಕೊಂಡು ತಿರುಗಿದ್ದೆ. ಹಾಗಿದ್ದೂ ಮರುದಿನ ಕಾಲೇಜಿಗೆ ಹೋಗಿ ಬಾಯಿ ಬಿಟ್ಟೆನೇ ಎಂದರೆ, ಇಲ್ಲ. ಆಗಲೂ ಇಲ್ಲ. ಇನ್ನೂ ಹತ್ತು ದಿನ ಸುಮ್ಮನಿದ್ದೆ. ಆಯ್ಕೆಯ ದಿನವೂ ಬಂದು ಹೋಗಲಿ, ಎಲ್ಲ ತಣ್ಣಗಾಗಲಿ ಎಂದು ಕಾಯುತ್ತಿದ್ದೆ.

ನಸೀಬಾ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಕಪ್ಪು ಬುರ್ಖಾದಲ್ಲಿ ಒಬ್ಬರೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೂತುಕೊಳ್ಳಿ ಎಂದೆ. ಕೂತರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಜಗಳಕ್ಕೆ ಬಂದಿರಲಿಲ್ಲ.

“ಟೀಚರ್, ನಾನು ಒಂದು ಮಾತು ಕೇಳ್ಲಿಕ್ಕೆ ಬಂದೆ. ಆ ಗುರುವಾರ ಬೆಳಿಗ್ಗೆ ಶಬ್ನಮ್ ನನ್ನ ಕೈಯಿಂದ ನಾಲ್ಕು ನೀರುದೋಸೆ ತಿಂದಿದ್ದಾಳೆ. ನಿನ್ನೆ ರಾತ್ರಿಯ ಕೋಳಿಸಾರು ಉಂಟಲ್ಲ ಅಂತ ಕೇಳಿ ಹಾಕಿಸಿಕೊಂಡಳು. ಅವಳಿಗೆ ನೋಂಬು ಇರ್ಲಿಲ್ಲ.”

ನಾನು ಮೇಜಿನ ಮೇಲಿದ್ದ ಸ್ಟಾಪ್‌ವಾಚನ್ನು ಆಚೆ ಈಚೆ ಸರಿಸಿದೆ.

“ಅವರಪ್ಪನಿಗೆ ನಾನು ಇನ್ನೂ ಹೇಳ್ಲಿಲ್ಲ. ಅವರು ಮಗಳು ನೋಂಬು ಹಿಡಿದದ್ದಕ್ಕೆ ಒಳಗೆ ಖುಷಿಯಲ್ಲಿದ್ದಾರೆ, ಹಿಡಿದು ಓಡಿದ್ದಕ್ಕೆ ಸಿಟ್ಟಲ್ಲಿದ್ದಾರೆ. ಇವಳು ದಿನಾ ನಮಾಜಿನ ನಂತರ ಅಳ್ತಾಳೆ. ಎಂತ ಅಂತ ಕೇಳಿದ್ರೆ ಹೇಳುದಿಲ್ಲ. ನೋಂಬಿನ ಮೇಲೆ ಸುಳ್ಳು ಹೇಳುವ ಹುಡುಗಿ ಅಲ್ಲ ಅವಳು. ಯಾಕೆ ಹೇಳಿದಳು ಟೀಚರ್? ನಿಮಗೆ ಗೊತ್ತುಂಟಾ?”

ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ನೀರಿನ ಕಾನೂನು, ಎರಡೇ ಸುತ್ತು ಎಂದದ್ದು, ಡಾಕ್ಟರ ಪ್ರಶ್ನೆ, ನನ್ನ ಹೂಂ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಹೇಳಿ ಮುಗಿಸಿ, “ತಪ್ಪಾಯಿತು” ಎಂದೆ.

“ನನಗೆ ಹೇಳಿದ್ರೆ ಸಾಕಾಗುದಿಲ್ಲ. ನೋಟೀಸು ಹಾಕಿದ್ದಾರಲ್ಲ, ಅವರಿಗೆ ಹೇಳಿ. ಮತ್ತೆ ಅವಳಪ್ಪನಿಗೆ ನೀವೇ ಹೇಳ್ಬೇಕು. ನಿಮ್ಮನ್ನು ನಂಬಿ ಕಳಿಸಿದ್ದು ಅವರು” ಎಂದರು ನಸೀಬಾ. ಎದ್ದು ಬಾಗಿಲವರೆಗೆ ಹೋಗಿ ನಿಂತರು. “ಅವಳ ಬಾಟಲಿ ದಿನಾ ನಾನೇ ತುಂಬಿಸುದು. ದಿನಾ ಖಾಲಿ ಬರ್ತಿತ್ತು. ಕುಡೀತಾಳೆ ಅಂತ ನಾನು ಗ್ರಹಿಸಿದ್ದೆ.”

ದಾಸವಾಳದ ಗಿಡದ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ. ಅದೊಂದನ್ನು ಹೇಳಲು ಬಾಯಿ ಬರಲಿಲ್ಲ.

ಆ ಸಂಜೆಯೇ ಒಂದು ಪತ್ರ ಬರೆದು ಚಿತ್ತರಂಜನ ಸರ್ ಅವರ ಮುಂದಿಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದರು. “ಇದನ್ನು ಬರೆಯುವ ಅಗತ್ಯ ಉಂಟಾ ಮೇಡಂ? ಎಲ್ಲ ಮರೆತುಹೋಗ್ತಾ ಉಂಟಲ್ಲ?” ಎಂದು ಕೇಳಿದರು. ಮರೆಯುತ್ತಿರುವುದು ನಾವು ಇಬ್ಬರೇ ಸರ್ ಎಂದೆ. ನೋಟೀಸನ್ನು ನಾನೇ ಬೋರ್ಡಿನಿಂದ ಕಿತ್ತೆ. ಮರುದಿನ ಮೈದಾನದಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಶಬ್ನಮ್‌ಗೆ ನೋಂಬು ಇರಲಿಲ್ಲ, ನೀರು ಬೇಡ ಎಂದವಳು ನಾನು ಎಂದು ಹೇಳಿದೆ. ವಿಜೇತಾ, “ನಮಗೆ ಗೊತ್ತಿತ್ತು ಮೇಡಂ” ಎಂದಳು. ಗೊತ್ತಿದ್ದೂ ದಿನಾ ನನ್ನ ವಿಶಲಿಗೆ ಓಡಿದ್ದರು. ಅದಕ್ಕಿಂತ ಅವರು ನನಗೆ ಬೈದಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಹಂಪನಕಟ್ಟೆಗೆ ಹೋದೆ. ಖಾಲಿದ್ ಅವರ ಅಂಗಡಿ ಒಂದು ಹಳೆಯ ಕಟ್ಟಡದ ಕೆಳಗಿನ ಸಾಲಿನಲ್ಲಿದೆ. ಅವರು ಕೊಡೆಯ ಕಡ್ಡಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು. “ಬನ್ನಿ ಟೀಚರ್” ಎಂದು ಸ್ಟೂಲು ಹಾಕಿ, ಮಡಕೆಯಿಂದ ಒಂದು ಲೋಟ ನೀರು ತುಂಬಿಸಿ ಮುಂದಿಟ್ಟರು. ನಾನು ಅಭ್ಯಾಸಬಲದಿಂದ ತುಟಿ ಒದ್ದೆ ಮಾಡಿ ಲೋಟವನ್ನು ಇಟ್ಟೆ. ಆಮೇಲೆ ಹೇಳಲು ತೊಡಗಿದೆ. ಅವರು ಕೊಡೆಯಿಂದ ಕಣ್ಣೆತ್ತದೆ ಕೇಳಿದರು.

“ಹಾಗಾದ್ರೆ ಅವಳು ಅಲ್ಲಾಹನ ಹೆಸರಲ್ಲಿ ಸುಳ್ಳು ಹೇಳಿ ನಿಮ್ಮನ್ನು ಉಳಿಸಿದಳು” ಎಂದರು.

“ಹೌದು.”

“ನೀವು ಎರಡು ವಾರ ಉಳ್ಕೊಂಡ್ರಿ.”

“ಹೌದು.”

“ಹತ್ತೊಂಬತ್ತು ವರ್ಷದ ಹುಡುಗಿ ಟೀಚರ್.”

ನನ್ನ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಮುಂದಿದ್ದ ಲೋಟವನ್ನು ಎತ್ತಿ, ನಿಲ್ಲಿಸದೆ, ತಳದವರೆಗೆ ಕುಡಿದೆ. ಅವರು ಇನ್ನೊಂದು ಲೋಟ ತುಂಬಿಸಿದರು. ಅದನ್ನೂ ಕುಡಿದೆ. ಮನೆಯ ಹೊರಗೆ ನಾನು ಅಷ್ಟು ನೀರು ಕುಡಿದದ್ದು ಯಾವಾಗ ಎಂದು ನೆನಪಿಲ್ಲ.

ಅವರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ನಾನು ಉತ್ತರ ಹೇಳುತ್ತಾ ಹೋದೆ. ಮುಕ್ಕಾಲು ಗಂಟೆ ಕಳೆದಿರಬೇಕು. ಹೊರಡಲು ಎದ್ದಾಗ ಗೊತ್ತಾಯಿತು, ಪಡೀಲಿನವರೆಗೆ ಬಸ್ಸಿನಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. ಸಂಜೆಯ ಟ್ರಾಫಿಕ್ಕು. ತಡೆದುಕೊಳ್ಳೋಣ ಎಂದು ಎರಡು ಹೆಜ್ಜೆ ಇಟ್ಟೆ. ಆಗಲಿಲ್ಲ. ಕಿವಿಯೆಲ್ಲ ಬಿಸಿಯಾಯಿತು. ನನ್ನ ಶಿಷ್ಯೆಯ ತಂದೆ, ಪರಪುರುಷ, ಈಗಷ್ಟೇ ನನ್ನ ತಪ್ಪೊಪ್ಪಿಗೆ ಕೇಳಿದವರು.

“ಇಲ್ಲಿ ಹೆಂಗಸರಿಗೆ ಟಾಯ್ಲೆಟ್ ಎಲ್ಲುಂಟು?” ಎಂದು ಕೇಳಿದೆ.

ನಲವತ್ತೆಂಟು ವರ್ಷದಲ್ಲಿ ಒಬ್ಬ ಗಂಡಸಿನ ಹತ್ತಿರ ನಾನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಖಾಲಿದ್ ತಡವರಿಸಿದರು. “ಇಲ್ಲಿ... ಈ ಬಿಲ್ಡಿಂಗಿನಲ್ಲಿ ಗಂಡಸರಿಗೆ ಮಾತ್ರ ಉಂಟು” ಎಂದರು. ಸ್ವಲ್ಪ ನಿಂತು, “ಇಪ್ಪತ್ತೆರಡು ವರ್ಷದಿಂದ ಹೆಂಗಸರು ಇಲ್ಲಿಗೆ ಬರ್ತಾರೆ. ಯಾರೂ ಕೇಳ್ಲಿಲ್ಲ ಟೀಚರ್” ಎಂದರು. ಆಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ನನ್ನನ್ನು ರಸ್ತೆಯಾಚೆಯ ಲಾಡ್ಜಿಗೆ ಕರೆದುಕೊಂಡು ಹೋದರು. ಕೌಂಟರಿನಲ್ಲಿದ್ದ ಮೊಯ್ದೀನಬ್ಬ ಎಂಬವರ ಕಿವಿಯಲ್ಲಿ ಏನೋ ಹೇಳಿದರು. ಅವರು ತಲೆ ಎತ್ತದೆ ಒಂದು ಕೀಲಿಕೈಯನ್ನು ನನ್ನ ಕಡೆ ಸರಿಸಿದರು. ನಾನು ಹೊರಗೆ ಬಂದಾಗ ಖಾಲಿದ್ ಫುಟ್‌ಪಾತಿನಲ್ಲಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

“ಮೈದಾನದಲ್ಲಿ ಅವಳು ಇದನ್ನು ಯಾರ ಹತ್ತಿರ ಕೇಳುದು?” ಎಂದರು.

“ಕೇಳುವ ಹಾಗೆ ಇರ್ಲಿಲ್ಲ.”

“ಅಲ್ಲಿ ಮೊದಲು ಟಾಯ್ಲೆಟ್ ಆಗಲಿ. ಆಮೇಲೆ ಕಳಿಸ್ತೇನೆ.”

ಆಯ್ಕೆ ಅಷ್ಟರಲ್ಲಿ ಮುಗಿಯಿತು. ಈ ವರ್ಷದ ತಂಡದಲ್ಲಿ ಶಬ್ನಮ್ ಇಲ್ಲ. ಅದನ್ನು ಯಾವ ಪತ್ರದಿಂದಲೂ ನಾನು ವಾಪಸು ತರಲಾರೆ. ಗಂಡುಮಕ್ಕಳ ಟಾಯ್ಲೆಟ್ಟಿಗೆ ನಡುವೆ ಗೋಡೆ ಹಾಕಿಸಿ, ಹಿಂದಿನಿಂದ ಬೇರೆ ಬಾಗಿಲು ಇಡಿಸಲು ಒಂದು ತಿಂಗಳು ಹಿಡಿಯಿತು. ಬಾಗಿಲಿಗೆ ಒಳಗಿನಿಂದ ಚಿಲಕ, ಒಂದು ನಲ್ಲಿ, ಒಂದು ಬಕೆಟ್. ಇಷ್ಟು ಕೆಲಸಕ್ಕೆ ನಾನು ಇಪ್ಪತ್ತು ವರ್ಷ ತೆಗೆದುಕೊಂಡೆ. ಸಫಿಯಾಳ ಮನೆಗೆ ಹೋಗಿ ಜೆರ್ಸಿ ಕೊಟ್ಟು ಬಂದೆ. ಅವಳು ಅದನ್ನು ತೆಗೆದುಕೊಂಡಳು, ಮೈದಾನಕ್ಕೆ ಇನ್ನೂ ಬಂದಿಲ್ಲ. ಶಬ್ನಮ್ ಡಿಸೆಂಬರಿನಲ್ಲಿ ಬಂದಳು. ನನಗೆ ನಮಸ್ತೆ ಎಂದಳು, ಮುಖ ನೋಡಲಿಲ್ಲ. ಆರನೇ ಸುತ್ತಿನಲ್ಲಿ ನಿಂತು, ಬಾಟಲಿ ತೆಗೆದು, ನನ್ನ ಕಡೆ ಒಂದು ಸಲ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳು ನುಂಗಿದಳು.

ಲಾಡ್ಜಿನ ಸಂಗತಿಯನ್ನು ನಾನು ಅಮ್ಮನಿಗೆ ಆ ಶುಕ್ರವಾರವೇ ಹೇಳಿದ್ದೆ. ಅವಳು ಮಾತ್ರೆ ನುಂಗಲು ಲೋಟ ಹಿಡಿದು ಕೂತಿದ್ದಳು. ಹಂಪನಕಟ್ಟೆಯಲ್ಲಿ ಟಾಯ್ಲೆಟ್ ಎಲ್ಲಿ ಎಂದು ಗಂಡಸಿನ ಹತ್ತಿರ ಕೇಳಿದೆ ಅಮ್ಮ, ಅವರು ಕರೆದುಕೊಂಡು ಹೋಗಿ ಕೀಲಿಕೈ ಕೊಡಿಸಿದರು ಎಂದೆ. ಅಮ್ಮ ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳು ಕೂರುತ್ತಿದ್ದ ಜಾಗದ ಎದುರು ಮೂರು ಹೋಟೆಲುಗಳು, ಒಂದು ಬ್ಯಾಂಕು, ಅದರಾಚೆ ಒಂದು ಆಸ್ಪತ್ರೆ ಇದ್ದವು.

“ಕೇಳಿದರೆ ಕೊಡುತ್ತಾರಾ?” ಎಂದು ಕೇಳಿದಳು.